ಡಬ್ಬಿಗಂಟಿದ ಪರಿಮಳ

ಕಾನ್ಫರೆನ್ಸಿಗೆ ಹೋಗಿಬಂದ ಮಗಳು ಹೋಟೆಲಿನ ಪುಟ್ಟ ಸೋಪೊಂದನ್ನು ನನ್ನ ಮುಂದಿಟ್ಟಳು. ಪುಕ್ಕಟೆ ಸೋಪೆಂದರೆ ನನಗೆ ಪ್ರಾಣವೆಂದು ಅವಳಿಗೆ ಗೊತ್ತು. ಕಾಗದ ಬಿಚ್ಚಿದೆ, ನಿಂಬೆ ಎಲೆಯ ವಾಸನೆ. ಹಾಗೇ ಮತ್ತೆ ಮಡಚಿಟ್ಟೆ. ಯಾಕೆಂದು ಅವಳಿಗೆ ಎಂದೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ.

ಬ್ಯಾಂಕುಗಳು ಒಂದೊಂದಾಗಿ ಮುಳುಗುತ್ತಿದ್ದ ಕಾಲ. ನಮ್ಮವರೂ ಅಂಥದ್ದೊಂದು ಬ್ಯಾಂಕಿನಲ್ಲಿದ್ದರು. ಟೈ ಕಟ್ಟಿ, ಮೊಸರನ್ನದ ಡಬ್ಬಿ ಹಿಡಿದು, ನಮ್ಮೂರು ಮೆಟುಚೆನ್ನಿನಿಂದ ಮ್ಯಾನ್‌ಹ್ಯಾಟನ್ನಿಗೆ ಬೆಳಗಿನ ರೈಲು ಹತ್ತುತ್ತಿದ್ದರು. ಡಬ್ಬಿ ತೊಳೆಯುವ ಪೈಕಿ ಅಲ್ಲ. ಸಂಜೆಗೆ ಅಗುಳು ಒಣಗಿ ಕಲ್ಲಾಗಿರುತ್ತಿತ್ತು. ಆ ಚಳಿಗಾಲ ಇದ್ದಕ್ಕಿದ್ದಂತೆ ಡಬ್ಬಿ ಥಳಥಳ ಹೊಳೆಯುತ್ತ ಬರತೊಡಗಿತು, ನಿಂಬೆ ಎಲೆಯ ಪರಿಮಳದೊಂದಿಗೆ. ಅಂತೂ ಗಂಡನನ್ನು ಪಳಗಿಸಿದೆನೆಂದು ಪಕ್ಕದೂರು ಓಲ್ಡ್ ಬ್ರಿಡ್ಜಿನ ಗೆಳತಿಯರಿಗೆಲ್ಲ ಫೋನು ಮಾಡಿ ಜಂಬ ಕೊಚ್ಚಿದೆ.

ಮದುವೆಯಾದ ದಿನದ ನೆನಪಿಗೆಂದು ಮ್ಯಾನ್‌ಹ್ಯಾಟನ್ನಿನ ಹಳೆಯ, ಭಾರಿ ಹೋಟೆಲೊಂದಕ್ಕೆ ಕರೆದೊಯ್ದರು. ತಂಗುವುದಕ್ಕಲ್ಲ, ನೋಡುವುದಕ್ಕೆ. ಅಮೃತಶಿಲೆಯ ಕಂಬಗಳು, ತೂಗುದೀಪಗಳು, ನಡುವೆ ಆಳೆತ್ತರದ ಗಡಿಯಾರ. ದೇವಸ್ಥಾನದ ಅಭ್ಯಾಸ ನೋಡಿ, ಕಾರ್ಪೆಟ್ಟಿನಂಚಿನಲ್ಲಿ ನಾನು ಬೂಟು ಬಿಚ್ಚಲು ಬಗ್ಗಿದೆ. ಇವರು ಕೈಹಿಡಿದು ಎಬ್ಬಿಸಿ, ಸ್ವಂತ ಮನೆ ತೋರಿಸುವವರಂತೆ ಹೇಳುತ್ತಾ ಹೋದರು.

"ಇಲ್ಲಿ ಮಹಾರಾಜರೆಲ್ಲ ಇಳ್ಕೋತಿದ್ರಂತೆ. ಆಮೇಲೆ ಮೂವತ್ತರ ದಶಕದಲ್ಲಿ ಡಿಪ್ರೆಶನ್ ಬಂತಲ್ಲ, ಕೆಲಸ ಕಳ್ಕೊಂಡೋರು ಸೂಟು ಹಾಕ್ಕೊಂಡು ಬಂದು, ಪೇಪರ್ ಓದ್ತಾ ದಿನವಿಡೀ ಈ ಲಾಬೀಲೇ ಕೂತಿರೋರಂತೆ. ಯಾರನ್ನೂ ಎಬ್ಬಿಸ್ಬೇಡಿ ಅಂತ ಮ್ಯಾನೇಜರ್ ಹೇಳ್ಬಿಟ್ಟಿದ್ನಂತೆ."

"ಇಷ್ಟೆಲ್ಲ ನಿಮಗೆ ಯಾರ್ರೀ ಹೇಳಿದ್ದು?"

ಅವರು ಗಡಿಯಾರದೆದುರಿನ ಸೋಫಾದಲ್ಲಿ ಹೋಗಿ ಕೂತರು. ನಾನು ಕೈ ತೊಳೆಯಲು ಹೋದೆ. ಸೋಪು ಹಚ್ಚಿಕೊಂಡರೆ, ನಮ್ಮ ಡಬ್ಬಿಯ ವಾಸನೆ. ಪಕ್ಕದ ಗಂಡಸರ ಬಾತ್‌ರೂಮಿನಲ್ಲೂ ಇದೇ ಸೋಪು ಇರಬೇಕು, ಡಬ್ಬಿ ಅಲ್ಲೇ ತೊಳೆಯುತ್ತಿದ್ದಿರಬೇಕು. ಇವರ ಕೆಲಸ ಹೋಗಿ ಎಷ್ಟು ದಿನವಾಗಿತ್ತೋ, ಯಾವ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದರೋ. ನಲ್ಲಿ ಬಿಟ್ಟುಕೊಂಡೇ ಅತ್ತೆ.

ಮುಖ ಒರೆಸಿ ಬಂದು ಪಕ್ಕದಲ್ಲಿ ಕೂತೆ. "ಸೋಫಾ ಮೆತ್ತಗಿದೆ ರೀ. ಆದ್ರೂ ದಿನಾ ಕೂತ್ರೆ ಬೆನ್ನು ನೋಯುತ್ತೆ. ನಾಳೆಯಿಂದ ಮನೇಲಿರಿ," ಎಂದೆ.

ಅವರು ಗಡಿಯಾರದಿಂದ ಕಣ್ಣು ಕಿತ್ತು ನನ್ನತ್ತ ತಿರುಗಿದರು. "ಡಬ್ಬಿ ಕಟ್ತೀಯಾ?"

"ಕಟ್ತೀನಿ."

ಮರುದಿನ ಟೈ ಕಟ್ಟಲಿಲ್ಲ. ಅಡುಗೆಮನೆಯ ಮೇಜಿನಲ್ಲೇ ಡಬ್ಬಿ ಬಿಚ್ಚಿ ಉಂಡು, ತೊಳೆಯದೆ ಸಿಂಕಿಗೆ ಹಾಕಿದರು. ಅದನ್ನು ನಾನು ಎಷ್ಟು ಸಮಾಧಾನದಿಂದ ಉಜ್ಜಿದೆನೆಂದರೆ ನಂಬುವುದಿಲ್ಲ ನೀವು.

ಆಮೇಲೆ ಬೇರೆ ಕೆಲಸ ಸಿಕ್ಕಿತು. ಅಗುಳಂಟಿದ ಡಬ್ಬಿ ಮತ್ತೆ ಬರತೊಡಗಿತು. ಈಗ ಅವರಿಲ್ಲ.

"ಅಮ್ಮಾ, ಡೋಂಟ್ ಯು ಲೈಕ್ ಇಟ್?" ಮಗಳು ಸೋಪಿನತ್ತ ನೋಡಿದಳು.

"ನಿಮ್ಮಪ್ಪ ಡಬ್ಬಿ ತೊಳೀತಿದ್ದ ಸೋಪು ಕಣೇ ಇದು."

"ಅಪ್ಪ? ವಾಶಿಂಗ್ ಡಿಶಸ್?" ಎಂದು ನಕ್ಕಳು.

ನಗು ಮುಗಿಯುವವರೆಗೆ ಕಾದೆ. "ಕೂತ್ಕೋ," ಎಂದೆ, "ಹೇಳ್ತೀನಿ."