ಮೊಹಿಂಗಾದ ಎರಡನೆಯ ಪಾತ್ರೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅತ್ತೆ ಹಾಸನದಿಂದ ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ನನ್ನ ಗಂಡನ ಡಾಟ್‌ಕಾಮ್ ಕಂಪನಿ ಇನ್ನೂ ನಡೆಯುತ್ತಿತ್ತೋ, ಆಗಲೇ ಬಾಗಿಲು ಹಾಕಿತ್ತೋ ನೆನಪಿಲ್ಲ. ಬಾಳೆದಿಂಡು ಹೆಚ್ಚಲು ಬಾರದೆ ನಾನು ಪೇಚಾಡಿದ್ದು ಮಾತ್ರ ಖಚಿತ. ಅವಮಾನಗಳ ವಿಷಯದಲ್ಲಿ ನನ್ನ ಸ್ಮರಣಶಕ್ತಿ ಅಸಾಧಾರಣವಾದದ್ದು.

ಪಕ್ಕದ ಮನೆಯ ಖಿನ್ ತನ್ನ ಬರ್ಮಾದ ಮೊಹಿಂಗಾ ಕಲಿಸಲು ಬಂದಿದ್ದಳು. ಮೊಹಿಂಗಾ ಎಂದರೆ ಅಕ್ಕಿ ಶಾವಿಗೆಯ ಮೇಲೆ ಸುರಿದುಕೊಳ್ಳುವ ಮೀನಿನ ಗಟ್ಟಿ ಸಾರು. ಅತ್ತೆ ಮೀನಿನ ವಾಸನೆಗೇ ಸೆರಗನ್ನು ಮೂಗಿಗೆ ಒಯ್ಯುವವರು. ಆದ್ದರಿಂದ ಎರಡು ಪಾತ್ರೆ. ನೀವೂ ಮಾಡುವುದಾದರೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ನಿಂಬೆಹುಲ್ಲು ಅರೆದು, ಅರಿಸಿನದೊಂದಿಗೆ ಎಣ್ಣೆ ಬಿಡುವವರೆಗೂ ಬಾಡಿಸಿ, ನೀರು ಹಾಕಿ, ಹುರಿದ ಅಕ್ಕಿಯ ಹಿಟ್ಟನ್ನೂ ಕಡಲೆಹಿಟ್ಟನ್ನೂ ಗಂಟಿಲ್ಲದಂತೆ ಕದಡಿ ಕುದಿಸಿ. ಬೇಯಿಸಿ ಮುಳ್ಳು ತೆಗೆದ ಮೀನು ಒಂದು ಪಾತ್ರೆಗೆ ಮಾತ್ರ, ಬಾಳೆದಿಂಡು ಎರಡಕ್ಕೂ.

"ಏನಮ್ಮ, ಸೌದೆ ಸೀಳ್ತಿದೀಯಾ? ಕೊಡಿಲ್ಲಿ," ಎಂದು ಚಾಕು ಕಿತ್ತುಕೊಂಡ ಅತ್ತೆ, ತೆಳ್ಳಗೆ ಬಿಲ್ಲೆ ಕೊಯ್ಯುತ್ತ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳತೊಡಗಿದರು. ಖಿನ್ ತನ್ನ ಬೆರಳೆತ್ತಿ ತೋರಿಸಿ ನಕ್ಕಳು: ಅವಳ ಅಮ್ಮನೂ ಹೀಗೆಯೇ.

"ನೋಡು, ಆ ಹುಡುಗಿಗೂ ಗೊತ್ತು. ಎಂ.ಎ. ಮಾಡಿದೋಳು ನೀನೊಬ್ಬಳೇ ದಡ್ಡಿ!"

ಆ ಸಂಭ್ರಮದಲ್ಲೇ ಖಿನ್ ಮೀನಿನ ಸಾಸಿನ ಬಾಟಲಿಯನ್ನು ಎರಡೂ ಪಾತ್ರೆಗಳಿಗೆ ಬಗ್ಗಿಸಿದಳು. ಅವಳ ಮಟ್ಟಿಗೆ ಮೀನೆಂದರೆ ಮುಳ್ಳಿರುವುದು; ಬಾಟಲಿಯಲ್ಲಿರುವುದು ಬರೀ ಉಪ್ಪು. ಅದು ನನ್ನ ಗಮನಕ್ಕೆ ಬಂತು. ಅತ್ತೆಗೆ ಬಡಿಸುವ ಮೊದಲೋ, ಅನಂತರವೋ? ಅನಂತರ ಎನ್ನುತ್ತದೆ ನೆನಪು. ಆದರೆ ಅದು ನನ್ನ ಪಕ್ಷದ ವಕೀಲ. ಆ ದಿನದ ಡೈರಿಯಲ್ಲಿ ಅಡುಗೆಯ ವಿಧಾನವಷ್ಟೇ ಇದೆ, ಕೊನೆಗೆ "ರುಚಿಗೆ ತಕ್ಕಷ್ಟು ಉಪ್ಪು" ಎಂದು.

ಅತ್ತೆ ನಿಂಬೆಹಣ್ಣು ಹಿಂಡಿ, ಕಡಲೆಬೇಳೆ ವಡೆ ಮುರಿದು ಹಾಕಿಕೊಂಡು ಉಂಡರು. "ಇನ್ನೊಂದು ಸೌಟು ಬಿಡಮ್ಮ. ನಮ್ಮ ಸಾರಲ್ಲಿ ಇಲ್ಲದ್ದೇನೋ ಇದೆ ಇದ್ರಲ್ಲಿ."

ಈ ಎರಡನೆಯ ಸಲ ಬಡಿಸಿದ್ದಂತೂ ಗೊತ್ತಿದ್ದೇ. ಅವರಿಬ್ಬರ ಖುಷಿ ಕೆಡಿಸಲು ಮನಸ್ಸಾಗಲಿಲ್ಲ ಎಂದು ಹೇಳಿಕೊಳ್ಳಬಹುದು. ಬೈಸಿಕೊಳ್ಳುವ ಧೈರ್ಯವಿರಲಿಲ್ಲ ಎಂಬುದು ನಿಜಕ್ಕೆ ಹೆಚ್ಚು ಹತ್ತಿರ.

ಇಷ್ಟು ವರ್ಷಗಳ ಮೇಲೆ ಒಂದು ಭಾನುವಾರ ಫೋನಿನಲ್ಲಿ ಎಲ್ಲವನ್ನೂ ಹೇಳಿ, "ಅತ್ತೆ, ಆ ಬಾಟಲಿ ಆವತ್ತು ನೀವೂ ನೋಡಿದ್ರಾ?" ಎಂದು ಕೇಳಿದೆ.

"ತಡಿಯಮ್ಮ, ಒಲೆ ಮೇಲೆ ಹಾಲಿಟ್ಟಿದೀನಿ," ಎಂದು ಹೋದರು.

ಆಮೇಲೆ ನಾಲ್ಕು ಸಲ ಮಾತಾಡಿದ್ದೇವೆ. ಆ ಹಾಲು ಇನ್ನೂ ಒಲೆಯ ಮೇಲೇ ಇದೆ.