ಕುಯ್ಯದೆ ಉಳಿದ ಏಳನೆಯ ಗೂಡು

ಕಳೆದ ವಾರ ಬೀರುವಿನ ಕೆಳಗಿನ ಖಾನೆ ಒರೆಸುತ್ತಿದ್ದಾಗ ಒಂದು ಸಣ್ಣ ಸ್ಟೀಲ್ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಹೊಡೆಯಿತು. ಗೂಡಿನೊಳಗೆ ಒಣಗಿಹೋದ ರೇಷ್ಮೆಹುಳುವಿನ ವಾಸನೆ. ಕೊಳ್ಳೇಗಾಲದಲ್ಲಿ ಹುಟ್ಟಿ ಬೆಳೆದವನಿಗೆ ಅದೇನೂ ಹೊಸದಲ್ಲ. ನೂಲು ತೆಗೆಯುವ ಬೀದಿಯಲ್ಲಿ ಕರ್ಚೀಫು ಹಿಡಿದುಕೊಂಡು ಓಡಾಡುವವರನ್ನು ಕಂಡರೆ ನಮಗೆ ನಗು. ಆದರೆ ಅವತ್ತು ನಾನೇ ಕರ್ಚೀಫು ಹುಡುಕಿದೆ. ಹತ್ತಿಯ ಮೇಲೆ ಒಂದೇ ಒಂದು ಹಳದಿ ಗೂಡು ಮಲಗಿತ್ತು. ಮೇಲೆ ಕೆಂಪು ಇಂಕಿನಲ್ಲಿ ಏಳು ಎಂಬ ಅಂಕಿ...

ಅದನ್ನು ಕೊಟ್ಟವರನ್ನು ಪಕ್ಕದ ಮಧುವನಹಳ್ಳಿಯವರೆಲ್ಲ ಮಿಲ್ಟ್ರಿ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಸುಬೇದಾರರಾಗಿ ನಿವೃತ್ತರಾಗಿ ಬಂದು ಅಣ್ಣನ ಮನೆಯಲ್ಲಿದ್ದರು. ಮಿಲ್ಟ್ರಿಯಿಂದ ಬಂದವರು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದು ನಮ್ಮ ಕಡೆ ಮಾಮೂಲು. ಇವರು ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ನಿವೃತ್ತ ಅಧಿಕಾರಿಗಳು ಸೇರಿ ನಡೆಸುತ್ತಿದ್ದ ಒಂದು ಕಂಪನಿ ಇವರನ್ನು ಕೆಲಸಕ್ಕೆ ತೆಗೆದುಕೊಂಡಿತ್ತು. ಆ ಕಂಪನಿಯವರು ಹೊಸ ಅಧಿಕಾರಿಗಳ ತರಬೇತಿಗೆ ಯುದ್ಧದ ಆಟಗಳನ್ನು ಕಟ್ಟುತ್ತಿದ್ದರು. ಆಟ ಅಂದರೆ ಮೊಬೈಲಿನಲ್ಲಿ ಆಡುವಂಥದ್ದಲ್ಲ. ಒಂದು ಬೆಟ್ಟ, ಎರಡು ಪಡೆ, ಯಾರು ಎತ್ತ ಹೋದರೆ ಎಷ್ಟು ಜನ ಸಾಯುತ್ತಾರೆ ಎಂದು ಮತ್ತೆ ಮತ್ತೆ ಆಡಿ ನೋಡಿ ವರದಿ ಬರೆಯುವ ಕೆಲಸ. ಮೇಜರುಗಳಿಗೆ ನಕ್ಷೆ ಗೊತ್ತಿತ್ತು. ಗುಂಡು ಬೀಳುವಾಗ ಸಾಮಾನ್ಯ ಜವಾನನ ಕಾಲು ಯಾವ ಕಡೆಗೆ ಓಡುತ್ತದೆ ಎಂಬುದು ಇವರಿಗೆ ಗೊತ್ತಿತ್ತು.

ನಾನು ಆಗ ಹನೂರಿನ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಕೊಳ್ಳೇಗಾಲದಿಂದ ದಿನಾ ಅದೇ ಬಸ್ಸು. ಒಂದು ದಿನ ಮಧುವನಹಳ್ಳಿಯಲ್ಲಿ ಹತ್ತಿ ನನ್ನ ಪಕ್ಕ ಕೂತ ಮಿಲ್ಟ್ರಿ ನೇರವಾಗಿ ವಿಷಯಕ್ಕೆ ಬಂದರು.

"ನಿಮ್ಗೆ ನಕ್ಸೆ ಬತ್ತದೆ, ಇಂಗ್ಲೀಸು ಬತ್ತದೆ. ಪೇಪರ್ ತಿದ್ದುವಾಗ ಅರ್ಧ ಮಾರ್ಕೂ ಬುಡದಿಲ್ವಂತೆ. ನನ್ನ ಎದ್ರಾಳಿ ಆಗೋಕೆ ಅಂತೋರೇ ಬೇಕು ಮೇಷ್ಟ್ರೆ."

ಅರ್ಧ ಮಾರ್ಕಿನ ವಿಷಯ ನಿಜ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಭಾನುವಾರಗಳಂದು ನಾವು ಆಡುತ್ತಿದ್ದದ್ದು ಅವರ ಮನೆಯ ಹಿಂದಿನ ಹಳೆಯ ಹುಳುಮನೆಯಲ್ಲಿ. ಹುಳು ಸಾಕುವುದು ಬಿಟ್ಟು ವರ್ಷಗಳಾಗಿದ್ದವು. ಉದ್ದನೆಯ ಹಲಗೆಗಳ ಮೇಲೆ ಮರಳು ಸುರಿದು, ನೀರು ಚಿಮುಕಿಸಿ, ಬೆಟ್ಟ ಕಟ್ಟಿದ್ದರು. ಅವರ ಪಡೆಗೆ ಹಳದಿ ಗೂಡು, ನನ್ನ ಪಡೆಗೆ ಬಿಳಿ ಗೂಡು. ಫ್ಯಾನು ಹಾಕಿದರೆ ಎರಡೂ ದೇಶದ ಸೈನಿಕರು ಒಟ್ಟಿಗೆ ಹಾರಿ ಮೂಲೆ ಸೇರುತ್ತಿದ್ದರು. ಹಾಗಾಗಿ ಬೆವರು ಸುರಿಸಿಕೊಂಡೇ ಆಡಬೇಕಿತ್ತು. ಚೌಕಾಬಾರಕ್ಕೆ ಮಾಡುವ ಹಾಗೆ ಒಂದು ಬದಿ ಉಜ್ಜಿದ ನಾಲ್ಕು ಹುಣಸೆಬೀಜ ಇದ್ದವು. ಗುಂಡು ಹಾರಿಸಿದವನು ಅವನ್ನು ಎಸೆಯಬೇಕು. ಎಷ್ಟು ಬೀಜ ಬೆಳ್ಳಗೆ ಬೀಳುತ್ತವೋ ಅಷ್ಟು ಜನ ಸತ್ತಂತೆ. ನನ್ನ ಮೆಷಿನ್‌ಗನ್ ಯಾವ ದಾರಿಯನ್ನು ಕಾಯುತ್ತದೆ ಎಂದು ಆಟಕ್ಕೆ ಮುಂಚೆಯೇ ಚೀಟಿಯಲ್ಲಿ ಬರೆದು, ಮಡಚಿ, ಹಿತ್ತಾಳೆ ಚೊಂಬಿನ ಕೆಳಗಿಡಬೇಕು. ಹತ್ತುವವರು ತುದಿಯ ಹತ್ತಿರ ಬಂದ ಮೇಲೆಯೇ ಅದನ್ನು ಬಿಚ್ಚಿ ಮೆಷಿನ್‌ಗನ್ ಹಾರಿಸಬೇಕು, ನಡುವೆ ಬದಲಾಯಿಸುವ ಹಾಗಿಲ್ಲ.

ಇನ್ನೊಂದು ನಿಯಮವಿತ್ತು. ಅದು ಅವರದೇ. ಕೊಂದವರೇ ಕುಯ್ಯಬೇಕು. ಸತ್ತ ಗೂಡನ್ನು ಸುಮ್ಮನೆ ಪಕ್ಕಕ್ಕಿಡುವಂತಿಲ್ಲ. ಬ್ಲೇಡು ತೆಗೆದುಕೊಂಡು ಸೀಳಿ, ಒಳಗಿನ ಹುಳುವನ್ನು ಮರಳಿಗೆ ಉದುರಿಸಬೇಕು. ಕಂಪನಿಯ ಕಂಪ್ಯೂಟರಿನಲ್ಲಿ ಸತ್ತವರು ಮಾಯವಾಗುತ್ತಾರೆ, ಅದಕ್ಕೇ ತರಬೇತಿಗೆ ಬಂದ ಹುಡುಗರು, ಅವರ ಮಾತಿನಲ್ಲಿ ಐಕಳು, ಲೆಕ್ಕವಿಲ್ಲದ ಹಾಗೆ ಸಾಯಿಸುತ್ತಾರೆ ಎಂದು ಅವರಿಗೆ ಸಿಟ್ಟು.

ನಾನು ಲಿಂಗ ಕಟ್ಟಿದವನು. ಕೋಳಿ ಕುಯ್ಯುವ ಜಾಗದಲ್ಲೂ ನಿಂತವನಲ್ಲ. ಮೊದಲ ಭಾನುವಾರ ಒಂದು ಗೂಡು ಸೀಳಲು ಮೂರು ಸಲ ಬ್ಲೇಡು ಕೆಳಗಿಟ್ಟೆ. ಮೂರನೆಯ ಭಾನುವಾರದ ಹೊತ್ತಿಗೆ ಹುಣಸೆಬೀಜ ಎಸೆಯುವ ಮೊದಲೇ ಬ್ಲೇಡಿನ ಕಾಗದ ಬಿಚ್ಚುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ನನಗದು ಖುಷಿ ಕೊಡುತ್ತಿತ್ತು. ಸೋಮವಾರ ಕ್ಲಾಸಿನಲ್ಲಿ ನದಿಗಳ ಪಾಠ ಮಾಡುವಾಗಲೂ ಬೆರಳಿನ ಸಂದಿಯಲ್ಲಿ ಆ ವಾಸನೆ ಇರುತ್ತಿತ್ತು.

ನಾಲ್ಕೋ ಐದೋ ಭಾನುವಾರವಾದ ಮೇಲೆ ಹೊಸ ಬೆಟ್ಟ ಕಟ್ಟಿದರು. ಹನ್ನೊಂದು ಹಳದಿ ಗೂಡುಗಳ ಮೇಲೆ ಅಂಕಿ ಬರೆದರು. ಒಂದನೆಯದು ತಾನೇ ಎಂದರು. ಆಗ ನನಗೆ ಅರ್ಥವಾಯಿತು, ಇದು ಕಟ್ಟುಕತೆಯ ಬೆಟ್ಟವಲ್ಲ.

ಗಡಿಯಲ್ಲಿ ಅವರು ಹನ್ನೊಂದು ಜನ ಒಂದು ಬೆಟ್ಟ ಹತ್ತಿದ್ದರು. ದಾರಿ ಎರಡು. ಎಡಕ್ಕೆ ಮರೆಯಿದ್ದ ಕೊರಕಲು, ಬಲಕ್ಕೆ ಬೋಳು ಬಂಡೆ. ಕೊರಕಲಿನಲ್ಲಿ ಹೋಗೋಣ ಎಂದವರು ಇವರೇ. ಅರ್ಧ ಹತ್ತುವಷ್ಟರಲ್ಲಿ ಮೇಲಿನಿಂದ ಮೆಷಿನ್‌ಗನ್ ಕೊರಕಲನ್ನು ಉದ್ದಕ್ಕೂ ಉತ್ತುಹಾಕಿತು. ಒಬ್ಬನ ಕೆಳದವಡೆ ಹಾರಿಹೋಯಿತು, ಅವನು ಕೂಗಲೂ ಆಗದೆ ಕಲ್ಲಿಗೆ ತಲೆ ಚಚ್ಚಿಕೊಂಡು ಸತ್ತ. ಇನ್ನೊಬ್ಬನ ಮೆದುಳು ಇವರ ತೋಳಿನ ಮೇಲೆ ಬಿತ್ತು. ಏಳನೆಯವನು ಯಳಂದೂರಿನ ಕಡೆಯ ಹುಡುಗ. ಹೊಟ್ಟೆ ಸೀಳಿ ಕರುಳು ಈಚೆ ಬಂದಿತ್ತು. ಎರಡು ಕೈಯಲ್ಲೂ ಅದನ್ನು ಒಳಗೆ ತುರುಕಿಕೊಳ್ಳುತ್ತ ನೀರು ನೀರು ಎಂದು ಕೇಳುತ್ತಿದ್ದ. ಹತ್ತು ಮಾರು ದೂರದಲ್ಲಿ ಇವರು ನೀರಿನ ಬಾಟಲಿ ಇಟ್ಟುಕೊಂಡು ಮಲಗಿದ್ದರು. ತಲೆ ಎತ್ತಿದರೆ ಗುಂಡು... ಒಂದು ಗಂಟೆ ಕೇಳಿ ಆಮೇಲೆ ಸುಮ್ಮನಾದನಂತೆ. ಬೆಟ್ಟದಿಂದ ಇಳಿದವರು ಮೂವರು.

ಆ ಏಳನೆಯ ಹುಡುಗನ ಹೆಣ ಯಳಂದೂರಿಗೆ ಬಂದಾಗ ಅವನ ಹೆಂಡತಿ ಇವರನ್ನು ಒಂದೇ ಮಾತು ಕೇಳಿದ್ದಳು. "ಬ್ಯಾರೆ ದಾರಿ ಇರ್ನಿಲ್ವಾ ಅಣ್ಣ?"

"ನೋಡಿ ಬಂದು ಏಳ್ತೀನಿ ಕಣವ್ವ ಅಂದ್ಬುಟ್ಟೆ" ಎಂದರು ಮಿಲ್ಟ್ರಿ. ಹಾಗೆಂದು ವರ್ಷಗಳೇ ಆಗಿದ್ದವು. ಆಕೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕಂಡರೆ ಇವರು ಕಂಬದ ಮರೆಗೆ ಹೋಗುತ್ತಿದ್ದರು. ಬೆಟ್ಟ ಹತ್ತುವ ಪಡೆಯ ಆಟ ಬೇಕೆಂದು ಕಂಪನಿ ಕೇಳಿದ್ದೇ ತಡ, ತಮ್ಮ ಬೆಟ್ಟವನ್ನೇ ಅಲ್ಲಿಟ್ಟರು. ವರದಿಯೂ ಆಗಬೇಕು, ಉತ್ತರವೂ ಸಿಗಬೇಕು.

ಮೊದಲು ಕೊರಕಲಿನ ದಾರಿಯನ್ನೇ ಮೂರು ಸಲ ಆಡಿದೆವು. ಮೂರು ಸಲವೂ ನಾನು ಕುಯ್ದು ಗುಡ್ಡೆ ಹಾಕಿದೆ. ಹೊಸ ಬೆಟ್ಟದ ನಾಲ್ಕನೆಯ ಭಾನುವಾರ ಯಾವ ದಾರಿ ಎಂದು ಅವರು ಮೊದಲೇ ಹೇಳಲಿಲ್ಲ. ನಾನು ಶತ್ರುವಿನ ಹಾಗೆ ಯೋಚಿಸಿದೆ. ಬೋಳು ಬಂಡೆಯನ್ನು ಯಾವ ಮೂರ್ಖ ಹತ್ತುತ್ತಾನೆ? ಚೀಟಿಯಲ್ಲಿ "ಕೊರಕಲು" ಎಂದು ಬರೆದು ಚೊಂಬಿನ ಕೆಳಗಿಟ್ಟೆ. ಅವರು ಹನ್ನೊಂದೂ ಗೂಡುಗಳನ್ನು ಬಂಡೆಯ ಬುಡದಲ್ಲಿಟ್ಟರು.

ಹತ್ತಿದರು. ನನ್ನ ಮೆಷಿನ್‌ಗನ್ ಖಾಲಿ ಕೊರಕಲನ್ನು ಕಾಯುತ್ತ ಕೂತಿತ್ತು. ಇನ್ನು ಎರಡು ಸುತ್ತು ಕಳೆದರೆ ತುದಿ ಮುಟ್ಟುತ್ತಾರೆ. ನಾನು ಮಿಲ್ಟ್ರಿಯ ಮುಖ ನೋಡಿದೆ. ಗೆಲ್ಲುವವನ ಮುಖ ಹಾಗಿರುವುದಿಲ್ಲ. ತುಟಿ ಬಿಳಿಚಿಕೊಂಡಿತ್ತು. ಏಳನೆಯ ಗೂಡನ್ನು ಮೇಲಕ್ಕಿಟ್ಟವರು ಅದರ ಮೇಲಿಂದ ಬೆರಳು ತೆಗೆಯಲೇ ಇಲ್ಲ. ಈ ದಾರಿಯಲ್ಲಿ ಅವರೆಲ್ಲ ಬದುಕಿದರೆ ಕೊಂದವನು ತಾನೇ ಎಂದಾಗುತ್ತದಲ್ಲ... ಅಷ್ಟರಲ್ಲಿ ಕಂಪನಿಯಿಂದ ಫೋನು ಬಂತು. ಅವರು ಅಂಗಳಕ್ಕೆ ಹೋದರು.

ಜೀವಮಾನದಲ್ಲಿ ಯಾರಿಗೂ ಅರ್ಧ ಮಾರ್ಕು ಬಿಟ್ಟುಕೊಡದ ನಾನು ಆ ಚೀಟಿ ತೆಗೆದು ಜೇಬಿಗಿಟ್ಟುಕೊಂಡೆ. ಇನ್ನೊಂದು ಚೂರು ಕಾಗದದಲ್ಲಿ "ಬಂಡೆ" ಎಂದು ಬರೆದು ಚೊಂಬಿನ ಕೆಳಗಿಟ್ಟೆ.

ಅವರು ಬಂದು ಕೂತ ಮೇಲೆ ಚೀಟಿ ತೆಗೆದು ತೋರಿಸಿದೆ. ಬೋಳು ಬಂಡೆ, ಅಡಗಲು ಜಾಗವಿಲ್ಲ. ಹುಣಸೆಬೀಜಗಳೂ ನನ್ನ ಮಾತೇ ಕೇಳಿದವು. ಮೊದಲು ಒಂದನೆಯದನ್ನು ಕುಯ್ದೆ, ಎಂದರೆ ಅವರನ್ನೇ. ಆಮೇಲೆ ಮೂರು, ನಾಲ್ಕು, ಒಂಬತ್ತು. ಬ್ಲೇಡು ಮೊಂಡಾಯಿತು, ಹೊಸದು ತೆಗೆದೆ. ಅವಸರಕ್ಕೆ ನನ್ನ ಹೆಬ್ಬೆರಳೂ ಸೀಳಿ ಹಳದಿ ಗೂಡುಗಳು ಕೆಂಪಾದವು. ಏಳನೆಯದರ ಹುಳು ಮರಳಿನ ಮೇಲೆ ಬಿದ್ದಾಗ ಅವರು ಉದ್ದಕ್ಕೆ ಉಸಿರು ಬಿಟ್ಟರು.

"ಎಲ್ಡ್ ದಾರೀಲೂ ಸಾವೇ ಇತ್ತು ಅನ್ನಿ ಮೇಷ್ಟ್ರೆ."

ಅವತ್ತು ಅವರು ಮೂರು ಮುದ್ದೆ ಉಂಡರು. ನನಗೆ ಪುಣ್ಯ ಕಟ್ಟಿಕೊಂಡಷ್ಟು ಸಂತೋಷವಾಗಿತ್ತು.

ಮಂಗಳವಾರ ಸಂಜೆ, ತಾವು ಬರೆದಿದ್ದ ವರದಿಯನ್ನು ನನಗೆ ಟೈಪು ಮಾಡಲು ಕೊಟ್ಟು, ಬೆಳಿಗ್ಗೆ ಮೊದಲ ಬಸ್ಸಿಗೆ ಯಳಂದೂರಿಗೆ ಹೋಗಿ ಆಕೆಗೆ ಹೇಳಿ ಬರುತ್ತೇನೆ ಎಂದರು. ಇಂಗ್ಲಿಷಿಗೆ ಇಳಿಸುತ್ತ ಕೂತೆ. ಕೊನೆಯ ಸಾಲು ಬಂತು. ಇಂಥ ಬೆಟ್ಟದಲ್ಲಿ ಬಂಡೆಯ ದಾರಿ ಬೇಡ, ಮರೆಯಾದರೂ ಇರುವ ಕೊರಕಲಿನಲ್ಲೇ ಹೋಗಬೇಕು. ಬೆರಳು ನಿಂತುಬಿಟ್ಟಿತು. ಇದನ್ನು ಓದುವ ಅಧಿಕಾರಿಗಳು ಇಪ್ಪತ್ತೆರಡು ಇಪ್ಪತ್ಮೂರು ವರ್ಷದವರು. ನಾಳೆ ನಿಜವಾದ ಬೆಟ್ಟದ ಕೆಳಗೆ ನಿಂತಾಗ ಅವರಿಗೆ ಈ ಸಾಲು ನೆನಪಾಗುತ್ತದೆ, ತಮ್ಮ ಜವಾನರನ್ನು ಕೊರಕಲಿಗೆ ಇಳಿಸುತ್ತಾರೆ. ನಾನು ಪುಣ್ಯ ಕಟ್ಟಿಕೊಂಡಿರಲಿಲ್ಲ.

ಬೆಳಿಗ್ಗೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಅವರು ಯಳಂದೂರಿನ ಬಸ್ಸಿನ ಮೆಟ್ಟಿಲಿಗೆ ಕಾಲಿಡುವಾಗ ಹಿಡಿದು ನಿಲ್ಲಿಸಿದೆ.  ಜೇಬಿನಿಂದ ಆ ಮೊದಲನೆಯ ಚೀಟಿ ತೆಗೆದುಕೊಟ್ಟೆ. ಅವರು ಓದಿದರು. ಮತ್ತೊಂದು ಸಲ ಓದಿದರು. ಆಮೇಲೆ ನನ್ನ ಕೊರಳಪಟ್ಟಿ ಹಿಡಿದು ಬಸ್ಸಿನ ತಗಡಿಗೆ ಅಪ್ಪಳಿಸಿದರು.

"ಲೇ, ನನ್ನ ಐಕಳ್ನ ಎರಡ್ನೇ ಸಲ ಕೊಂದ್ಬುಟ್ಯಲ್ಲೋ!"

ಮೊದಲ ಏಟಿಗೆ ಕನ್ನಡಕ ಹೋಯಿತು. ಎರಡನೆಯದಕ್ಕೆ ಬಾಯಿ ತುಂಬ ರಕ್ತ. ಕಂಡಕ್ಟರು ಓಡಿಬಂದ, ಹೂ ಮಾರುವ ಹೆಂಗಸು ಕಿರುಚಿದಳು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅವರ ತೋಳು ಹಿಡಿಯಲು ಹೋಗಿ ತಾನೂ ಒಂದು ತಿಂದ. ನಾನು ಕೈ ಎತ್ತಲಿಲ್ಲ. ಎತ್ತುವ ಮುಖವೂ ನನಗಿರಲಿಲ್ಲ. ಕೊನೆಗೆ ಅವರೇ ನಿಲ್ಲಿಸಿದರು. ಬಗ್ಗಿ ಕನ್ನಡಕದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ನನ್ನ ಅಂಗೈಯಲ್ಲಿಟ್ಟರು.

"ಬನ್ನಿ ಮೇಷ್ಟ್ರೆ. ಆಟ ಅರ್ಧಕ್ಕೆ ನಿಂತದೆ."

ಮಧುವನಹಳ್ಳಿಗೆ ಹೋದೆವು. ಹೊಸ ಗೂಡುಗಳಿಗೆ ಅಂಕಿ ಬರೆದು, ಫೋನು ಬಂದಾಗ ಇದ್ದ ಜಾಗದಲ್ಲೇ ಇಟ್ಟು, ಹಳೆಯ ಚೀಟಿಯಂತೆಯೇ ಆಡಿದೆವು. ನಾನು ತುಟಿಯ ರಕ್ತ ಒರೆಸಿಕೊಳ್ಳುತ್ತ, ಬಂಕರಿನಲ್ಲಿದ್ದ ಬಿಳಿ ಗೂಡುಗಳಿಂದ ದಯೆ ತೋರಿಸದೆ ಹೊಡೆದೆ. ಅವರ ಇಬ್ಬರು ಸತ್ತರು, ಕುಯ್ದೆ. ಒಂಬತ್ತು ಜನ ತುದಿ ಮುಟ್ಟಿದರು. ಅಲ್ಲಿ ಸರದಿ ಅವರದಾಯಿತು. ಬ್ಲೇಡು ತೆಗೆದುಕೊಂಡು ನನ್ನವರನ್ನು ಒಬ್ಬೊಬ್ಬರನ್ನಾಗಿ ಸೀಳಿದರು. ಬಯೋನೆಟ್ಟು ಎಲ್ಲಿ ಹೊಗಿಸಬೇಕು, ಹೊರಗೆಳೆಯುವಾಗ ಹೇಗೆ ತಿರುಚಬೇಕು ಎಂದು ಗೊಣಗುತ್ತಲೇ ಇದ್ದರು. ಕೊನೆಗೆ ಏಳನೆಯ ಗೂಡನ್ನು ಬೆಟ್ಟದ ತುದಿಯಿಂದೆತ್ತಿ ನನ್ನ ಕೈಗೆ ಕೊಟ್ಟು "ಮಡಗಿಕೊಳ್ಳಿ" ಎಂದರು. ಆಮೇಲೆ ಮರಳಿನ ಮೇಲೆ ತಲೆಯಿಟ್ಟು, ನಾಯಿ ಊಳಿಡುವ ಹಾಗೆ ಅತ್ತರು.

ವರದಿಯ ಕೊನೆಯ ಸಾಲು ಬದಲಾಯಿತು. ಮರುದಿನ ಯಳಂದೂರಿಗೆ ನಾನೂ ಜೊತೆಗೆ ಹೋದೆ. ಆಕೆ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಇವರು ಮೆಟ್ಟಿಲ ಕೆಳಗೆ ಸೆಟೆದು ನಿಂತರು.

"ದಾರಿ ಇತ್ತು ಕಣವ್ವ. ನಾ ನೋಡ್ನಿಲ್ಲ."

ಮೊರ ಇವರ ಮುಖಕ್ಕೆ ಬಂದು ಬಿತ್ತು. ಆಮೇಲೆ ಆಕೆ ಇಳಿದು ಬಂದು ಎದೆಗೆ, ಕೆನ್ನೆಗೆ, ಸಿಕ್ಕಲ್ಲಿಗೆ ಹೊಡೆದಳು. ಅಂಗಿಯ ಗುಂಡಿಗೆ ತರಚಿ ಆಕೆಯ ಕೈಯಿಂದಲೂ ರಕ್ತ ಬಂತು. ಇವರು ಅಲುಗಲಿಲ್ಲ. ಸುಸ್ತಾಗುವ ತನಕ ಹೊಡೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ವಾಪಸು ಬರುವಾಗ ಬಸ್ಸಿನಲ್ಲಿ ಊದಿದ ಮುಖ ಹೊತ್ತುಕೊಂಡು ಇಬ್ಬರೂ ಅಕ್ಕಪಕ್ಕ ಕೂತಿದ್ದೆವು.

"ಒಡುದ್ಲಲ್ಲ ಮೇಷ್ಟ್ರೆ. ಅಷ್ಟ್ ಸಾಕು ನಂಗೆ" ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ತಲುಪಲಿಲ್ಲ. ಮಣ್ಣಿಗೆ ಯಳಂದೂರಿನಿಂದ ಆಕೆಯೂ ಬಂದಿದ್ದಳು. ಎಲ್ಲರೂ ಹಾಕಿದ ಮೇಲೆ ತಾನೂ ಒಂದು ಹಿಡಿ ಮಣ್ಣು ಹಾಕಿ ಹೋದಳು.

ಡಬ್ಬಿ ಸಿಕ್ಕಿದ ಮೇಲೆ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ನಿನ್ನೆ ಯಳಂದೂರಿಗೆ ಹೋಗಿ ಆಕೆಯ ಕೈಗೆ ಕೊಟ್ಟು, ಆಟದ ವಿಷಯ, ಬಂಡೆಯ ದಾರಿಯಲ್ಲಿ ಏಳನೆಯವನು ತುದಿ ಮುಟ್ಟಿದ ವಿಷಯ ಹೇಳಿದೆ. ಆಕೆ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಒಣಹುಳು ಸದ್ದು ಮಾಡಿತು.

"ಅಲ್ಲಿ ಗುಂಡ್ ಒಡೀತಿದ್ದೋರು ನೀವಾ?"

ಹೌದು ಎಂದೆ.

"ನೀವಾದ್ರೂ ಬುಟ್ರಲ್ಲ ಸಾ, ಅವ್ರನ್ನ" ಎಂದಳು. ಕಣ್ಣು ತುಂಬಿತ್ತು. ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಅದಕ್ಕೆ ಮೊದಲು ಒಂದು ಭಾನುವಾರ ಅವನನ್ನು ಮೋಸದಿಂದ ಕೊಂದು, ನನ್ನ ಕೈಯಾರೆ ಸೀಳಿದ್ದೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮಜ್ಜಿಗೆ ಕುಡಿದು ಬಸ್ಸು ಹತ್ತಿದೆ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಅದೇ ಜಾಗದಲ್ಲಿ ತುಂಬ ಹೊತ್ತು ನಿಂತಿದ್ದೆ... ಇದಕ್ಕೆ ನನ್ನ ಕೊರಳಪಟ್ಟಿ ಹಿಡಿದು ಬಸ್ಸಿಗೆ ಅಪ್ಪಳಿಸಬೇಕಾದ ಮನುಷ್ಯ ಈಗ ಇಲ್ಲ.