ಖಾಲಿ ಬುಟ್ಟಿ ಕೊಡಬಾರದು

ದತ್ತು ಸಿಂಧನೂರು ಕಡೆಯವನು. ಕಗ್ಗದಾಸಪುರದಲ್ಲಿ ಅಣ್ಣ ಅಮರಪ್ಪನ ಜೊತೆ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಶಿವಾಜಿನಗರದ ಮುನೀರ್ ಸಾಹೇಬರ ಗಿಫ್ಟ್ ಅಂಗಡಿಯಲ್ಲಿ ದುಡಿಯುತ್ತಿದ್ದ. ದುಡಿಮೆ ಎಂದರೆ ಪೆಟ್ಟಿಗೆ ಹೊರುವುದು, ಸೈಕಲ್ಲಿಗೆ ಕಟ್ಟಿಕೊಂಡು ಮನೆಮನೆಗೆ ಮುಟ್ಟಿಸುವುದು. ಕಣ್ಣು ಮಾತ್ರ ಕಿಟಕಿಯ ಪಕ್ಕದ ಮೇಜಿನ ಮೇಲಿತ್ತು. ಅಲ್ಲಿ ಫ್ಯಾನಿನ ಕೆಳಗೆ ಕೂತು ಬೆತ್ತದ ಬುಟ್ಟಿಗಳಿಗೆ ಹಬ್ಬದ ಉಡುಗೊರೆ ತುಂಬಿ, ಜಿಲೇಟಿನ್ ಪೇಪರ್ ಸುತ್ತಿ ರಿಬ್ಬನ್ ಕಟ್ಟಬೇಕು. ಆ ಕೆಲಸ ಮಾಡುತ್ತಿದ್ದ ಫಹ್ಮಿದಾ ಮದುವೆಯಾಗಿ ಹೋದದ್ದೇ, ದತ್ತುವಿನ ಎದೆಯಲ್ಲಿ ಹಾರ್ಮೋನಿಯಂ ಶುರುವಾಯಿತು.

ಎರಡು ಸಾವಿರದ ಒಂದರ ಕ್ರಿಸ್‌ಮಸ್ ಹತ್ತಿರ ಬಂದಿತ್ತು. "ಕುಕ್ ಟೌನ್ ಫಿಲೋಮಿನಮ್ಮನ ಆರ್ಡರ್ ಇದೆ," ಎಂದರು ಸಾಹೇಬರು. "ನಾಲ್ಕು ಮೊಮ್ಮಕ್ಕಳು. ಚಿಕ್ಕೋರಲ್ಲ, ಹೈಸ್ಕೂಲು, ಕಾಲೇಜು. ನೀನೇ ಕಟ್ಟು. ಚೆನ್ನಾಗಾಯ್ತೋ, ಮೇಜು ನಿಂದು. ಕೆಡ್ತೋ, ಸೈಕಲ್ ನಿಂದು. ಸಮ್ಜಾ?"

ತನಗೆ ಏನೂ ತಿಳಿಯದು ಎಂಬುದೊಂದನ್ನು ಬಿಟ್ಟರೆ ದತ್ತುವಿಗೆ ಎಲ್ಲವೂ ತಿಳಿದಿತ್ತು. ಸಣ್ಣ ಮಕ್ಕಳ ಬುಟ್ಟಿ ಕಟ್ಟುವುದನ್ನು ನೋಡಿದ್ದ. ದೊಡ್ಡ ಮಕ್ಕಳಿಗೆ? ಅದನ್ನೇ ದೊಡ್ಡದು ಮಾಡಿದರಾಯಿತು! ದೊಡ್ಡ ಚೆಂಡು, ದೊಡ್ಡ ಬಲೂನು, ದೊಡ್ಡ ಪೀಪಿ. ಪೀಪಿಗಳನ್ನು ಒಂದೊಂದಾಗಿ ಊದಿ ಪರೀಕ್ಷಿಸಿದ. ಒಂದನ್ನು ಎರಡು ಸಲ ಊದಿದ, ಅದರ ದನಿ ಅವನಿಗೇ ಹಿಡಿಸಿತ್ತು. ಬುದ್ಧಿ ಬೆಳೆಯಲೆಂದು ನೀತಿಕತೆಯ ಪುಸ್ತಕ, ಶಿಸ್ತಿಗೆಂದು ಬಾಚಣಿಗೆ. ಪ್ಲಮ್ ಕೇಕು ಬುಟ್ಟಿಯಲ್ಲಿ ವಾಲುತ್ತಿತ್ತು. ಒತ್ತಿಗೆ ಒಂದು ಖಾಲಿ ಕ್ಯಾಸೆಟ್ ಸಿಕ್ಕಿಸಿದ. ಹೊಳೆಯಲಿ ಎಂದು ಒಂದು ಬುಟ್ಟಿಗೆ ಪುಟ್ಟ ಕನ್ನಡಿ ಇಟ್ಟ.

ಫಿಲೋಮಿನಮ್ಮನ ಬಂಗಲೆಯಲ್ಲಿ ಬುಟ್ಟಿಗಳನ್ನು ಕೊಟ್ಟ ಮೇಲೆ ದತ್ತು ಹೊರಡಲಿಲ್ಲ, ವರಾಂಡದಲ್ಲೇ ನಿಂತ. ಅವನ ಊರಲ್ಲಿ ಬುಟ್ಟಿಯಲ್ಲಿ ಏನನ್ನಾದರೂ ತಂದರೆ, ಸಾಮಾನು ಇಳಿಸಿಕೊಂಡು ಬುಟ್ಟಿ ತಿರುಗಿ ಕೊಡುವುದು ರೂಢಿ. ಅಜ್ಜಿ ಅಡುಗೆಮನೆಯಲ್ಲಿದ್ದರು. ಹಿರಿಯ ಮೊಮ್ಮಗಳು ಇಣುಕಿದಳು.

"ಏನಣ್ಣಾ? ಟಿಪ್ಸ್ ಬೇಕಾ?"

"ಛೆ ಛೆ, ಬ್ಯಾಡ್ರಿ. ಬುಟ್ಟಿ ಖಾಲಿ ಮಾಡಿ ಕೊಡ್ರಿ, ಒಯ್ತೀನಿ."

"ಬುಟ್ಟಿ ವಾಪಸ್ ಕೊಡ್ಬೇಕಾ?"

"ಹೂನ್ರಿ. ಆದ್ರ ಬರೇ ಬುಟ್ಟಿ ಕೊಡಂಗಿಲ್ರಿ ನಮ್ ಕಡೆ. ಏನರ ಹಾಕಿ ಕೊಡ್ಬೇಕ್ರಿ. ಚೂರು ಸಕ್ರಿ ಹಾಕಿದ್ರೂ ನಡೀತೈತಿ."

"ಏನ್ ಬೇಕಾದ್ರೂ ಹಾಕ್ಬೋದಾ?" ಹುಡುಗಿಯ ಮುಖ ಅರಳಿತು. ಒಳಗೆ ಗುಸುಗುಸು, ಕಿಸಕಿಸ. ಎಣಿಸಿದ್ದಕ್ಕಿಂತ ಬೇಗ ನಾಲ್ಕೂ ಬುಟ್ಟಿಗಳು ಬಂದವು, ಜಿಲೇಟಿನ್ ಪೇಪರ್ ಬದಲು ಮೇಲೆ ಹಳೆಯ ಪೇಪರ್ ಮುಚ್ಚಿಕೊಂಡು, ಒಳ್ಳೇ ಭಾರವಾಗಿ.

ಪೇಟೆಯ ಜನಕ್ಕೆ ರೀತಿ ರಿವಾಜು ಗೊತ್ತಿಲ್ಲ ಎನ್ನುವವರ ಬಾಯಿಗೆ ಮಣ್ಣು! ಎಂಥಾ ಧಾರಾಳಿಗಳು! ದತ್ತು ಉಬ್ಬಿಹೋಗಿ ಪೆಡಲ್ ತುಳಿದ. ಕೋಲ್ಸ್ ಪಾರ್ಕಿನ ಬಳಿ ತಡೆಯಲಾರದೆ ಇಳಿದು ಪೇಪರ್ ಸರಿಸಿದ. ಚೆಂಡು ಕಂಡಿತು. ಬಲೂನು. ಬಾಚಣಿಗೆ. ಪೀಪಿ. ನೀತಿಕತೆ, ಅದರ ಕಟ್ಟು ಸಹ ಬಿಚ್ಚಿರಲಿಲ್ಲ. ಪಾಪ, ಆ ಮಕ್ಕಳು ಅವನ ಮಾತಿಗೆ ಬೆಲೆ ಕೊಟ್ಟಿದ್ದರು. ಬೇಡವಾದದ್ದನ್ನೆಲ್ಲ ಹಾಕಿ ತುಂಬಿಸಿಯೇ ಕೊಟ್ಟಿದ್ದರು.

ಅಂಗಡಿಗೆ ಬಂದಾಗ ಮುನೀರ್ ಸಾಹೇಬರು ಬುಟ್ಟಿ ನೋಡಿ ಹಣೆ ಚಚ್ಚಿಕೊಂಡರು. "ಆರ್ಡರ್ ವಾಪಸ್ಸಾ? ಇಪ್ಪತ್ತು ವರ್ಷದ ಗಿರಾಕಿ ರೇ ಅದು!"

"ನಾನ ಕೇಳಿದ್ನಿರಿ ಸಾಹೇಬ್ರ, ಬುಟ್ಟಿ ಕೊಡ್ರಿ ಅಂತ."

ಸಾಹೇಬರು ಫೋನ್ ತಿರುಗಿಸಿದರು. ಸೈಕಲ್ಲಿನ ಸೀಟು ಇನ್ನು ಜೀವಮಾನವಿಡೀ ತನ್ನದೇ ಎಂದು ದತ್ತು ಅದನ್ನು ಒರೆಸತೊಡಗಿದ.

"ನಮಸ್ಕಾರ ಅಮ್ಮಾ, ನಮ್ ಹುಡುಗ ಸ್ವಲ್ಪ ಪೆದ್ದು... ಹಾಂ? ಕ್ಯಾಸೆಟ್ಟಾ?... ಖುಷಿನಾ?... ಹಾಂ, ಬುಟ್ಟಿ..." ಫೋನ್ ಇಟ್ಟು ದತ್ತುವನ್ನೇ ನೋಡಿದರು. "ಕ್ಯಾಸೆಟ್ ಸಿಕ್ತು, ರೇಡಿಯೋ ಹಾಡು ತುಂಬ್ಕೋತೀವಿ ಅಂತ ಕುಣೀತಿದ್ದಾವಂತೆ. ಕನ್ನಡಿಗೆ ಜಗಳ ಆಗ್ತಿದೆಯಂತೆ. ಅಜ್ಜಿ ಮಾತ್ರ, ಬುಟ್ಟಿ ಯಾಕೆ ಹೊತ್ಕೊಂಡ್ ಹೋದ ಅಂತಿದ್ದಾರೆ. ಬುಟ್ಟಿಗೂ ದುಡ್ಡು ಕೊಟ್ಟಿದ್ದಾರೆ ರೇ, ಅಕ್ಕಲ್‌ಮಂದ್!"

"ಈಗ್ಲೇ ಕೊಟ್ಟು ಬರ್ತೀನ್ರಿ."

"ಖಾಲಿ ಕೊಡ್ತೀಯಾ? ನಿಮ್ ಕಡೆ ಕೊಡಂಗಿಲ್ವಲ್ಲ! ತುಂಬು. ಈ ಸಲ ಪೀಪಿ ಹಾಕಿದ್ರೆ ನಿನ್ನೇ ಬುಟ್ಟೀಲಿ ಹಾಕಿ ಸಿಂಧನೂರಿಗೆ ಕಳಿಸ್ತೀನಿ."

ದತ್ತು ಕ್ಯಾಸೆಟ್ ಹಾಕಿದ, ಕನ್ನಡಿ ಹಾಕಿದ, ಚಾಕಲೇಟ್ ಸುರಿದ. ಬುದ್ಧಿ ಬೆಳೆಸುವ ಸಾಮಾನನ್ನು ಒಂದನ್ನೂ ಮುಟ್ಟಲಿಲ್ಲ. ಕೊಟ್ಟವನೇ ಓಡಿಬಂದ. ಸಂಜೆ ಅಜ್ಜಿಯೇ ಫೋನ್ ಮಾಡಿ, ಹೊಸ ವರ್ಷಕ್ಕೂ ಇದೇ ಹುಡುಗ ಕಟ್ಟಲಿ ಎಂದರಂತೆ.

ಮರುದಿನ ಅವನು ಫ್ಯಾನಿನ ಕೆಳಗೆ, ದೊಡ್ಡ ಮಕ್ಕಳ ಮನಸ್ಸು ಬಲ್ಲ ಪಂಡಿತನ ಠೀವಿಯಲ್ಲಿ ಕೂತ. ಹಲಸೂರಿನಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು.

"ಏನ್ ಹಾಕ್ಲಿ ತಮ್ಮಾ? ಕ್ಯಾಸೆಟ್?"

"ಮ್ಚ್."

"ಕನ್ನಡಿ?"

ಹುಡುಗ ಅವಮಾನವಾದವನಂತೆ ನೋಡಿದ.

"ಮತ್ತೇನು ಬೇಕಪಾ?"

"ಏನೋ ಒಂದು."

"ಮನೇಲೂ ಹಿಂಗೇ ಕಣಪ್ಪಾ ಇವನು," ಎಂದರು ತಾಯಿ. "ನೀನೇ ನೋಡಿ ಹಾಕು. ನಿಂಗೆಲ್ಲಾ ಗೊತ್ತಂತಲ್ಲ."

ದತ್ತು ಖಾಲಿ ಬುಟ್ಟಿಯನ್ನು ನೋಡಿದ, ಹುಡುಗನನ್ನು ನೋಡಿದ. ಆಮೇಲೆ ಕತ್ತು ತಿರುಗಿಸಿ ಗಲ್ಲಾಪೆಟ್ಟಿಗೆಯ ಕಡೆ ಮೆಲ್ಲಗೆ ಕೇಳಿದ:

"ಸಾಹೇಬ್ರ, ಡೆಲಿವರಿ ಏನರ ಐತೇನ್ರಿ?"